ವೀರಗಲ್ಲನ್ನು ಬುಡದಿಂದ ಓದಬೇಕು

ಕಲಾ ಇತಿಹಾಸದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಅಂದ ಕೂಡಲೇ ಬೇಲೂರು, ಹಳೇಬೀಡಿನ ಬಸ್ಸು ಹತ್ತುತ್ತಾರೆ. ಶಿಲ್ಪಕ್ಕೂ ಅದು ಹುಟ್ಟಿದ ಸಮಾಜಕ್ಕೂ ಇರುವ ನಂಟು ಬೇಕಿದ್ದರೆ ಕೆರೆ ಏರಿಯ ಮೇಲೋ ಹೊಲದ ಬದುವಿನಲ್ಲೋ ವಾಲಿ ನಿಂತ ವೀರಗಲ್ಲು, ಅಂದರೆ ಕಾದಾಡಿ ಸತ್ತವನ ನೆನಪಿಗೆ ನೆಟ್ಟ ಕಲ್ಲು, ಹೆಚ್ಚು ಕೊಡುತ್ತದೆ. ದೊಡ್ಡ ದೇಗುಲಗಳಲ್ಲಿ ಅರಸರು, ದಂಡನಾಯಕರು ಸಿಗುತ್ತಾರೆ. ಇಲ್ಲಿ ಊರ ದನ ಬಿಡಿಸಿಕೊಳ್ಳಲು ಹೋಗಿ ಸತ್ತವನೂ ಸಿಗುತ್ತಾನೆ.

ಸಾಮಾನ್ಯ ರೂಪ ಮೂರು ಪಟ್ಟಿಕೆಗಳದ್ದು. ಬುಡದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಜೈನನಾದರೆ ಲಿಂಗದ ಜಾಗದಲ್ಲಿ ಜಿನ. ನೆತ್ತಿಯ ಸೂರ್ಯ ಚಂದ್ರರು ಅಲಂಕಾರಕ್ಕಲ್ಲ, ಸತ್ತವನ ಹೆಸರಲ್ಲಿ ಕೊಟ್ಟದ್ದು ಅವರಿರುವ ತನಕ ನಡೆಯಬೇಕೆಂಬ ಕರಾರು. ಮೇಲಿನೆರಡು ಪಟ್ಟಿಕೆಗಳು ಹೆಚ್ಚುಕಡಿಮೆ ಅಚ್ಚಿಗೆ ಹೊಯ್ದಂತೆ ಇರುತ್ತವೆ. ಮುಖ ನೋಡಿ ‘ಇವನು ಹೀಗಿದ್ದ’ ಎಂದು ಬರೆದರೆ ಅಲ್ಲಿಗೆ ತಪ್ಪಿದಂತೆ. ಸುದ್ದಿ ಇರುವುದು ಬುಡದಲ್ಲಿ. ಮೂಲೆಯಲ್ಲಿ ಹಸುಗಳಿದ್ದರೆ ತುರುಗೋಳ್, ಅಂದರೆ ದನ ಹಿಡಿಯುವ ದಾಳಿ. ಶಾಸನದಲ್ಲಿ ‘ಪೆಣ್ಬುಯ್ಯಲ್’ ಎಂದಿದ್ದರೆ ಹೆಣ್ಣಿನ ಮೊರೆ ಕೇಳಿ ಓಡಿದವನು. ‘ಊರಳಿವು’ ಅಂದರೆ ಊರೇ ಹಾಳಾದ ದಾಳಿ. ಆಮೇಲೆ ಮನೆಯವರಿಗೆ ಏನು ಸಿಕ್ಕಿತು ಎಂದು ಹುಡುಕಿ: ಕಲ್ನಾಡು, ನೆತ್ತರುಗೊಡಗೆ ಎಂಬ ಮಾತು ಬಂದರೆ ಅದು ಭೂಮಿ. ಅಂಥ ಕಲ್ಲು ಅರ್ಧ ಶಿಲ್ಪ, ಅರ್ಧ ಪಹಣಿ.

ತೊಂದರೆ ಏನೆಂದರೆ, ಬೇಕಾದ ಬುಡವೇ ಎಷ್ಟೋ ಕಡೆ ಮಣ್ಣಲ್ಲಿ ಹೂತಿರುತ್ತದೆ. ಅಗೆಯಲು ಹೋಗಬೇಡಿ, ನೆಲದಿಂದ ಮೇಲೆ ಎಷ್ಟು ಕಾಣುತ್ತದೆ ಎಂದು ಸೆಂಟಿಮೀಟರಿನಲ್ಲಿ ಅಳೆದು ‘ಉಳಿದದ್ದು ಹೂತಿದೆ’ ಎಂದು ಬರೆಯಿರಿ. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ, ಮೈದಾ, ಎಣ್ಣೆ ಬಳಿಯುವುದು ಕೆಟ್ಟ ಚಾಳಿ. ಪುಡಿ ಸವೆದ ಗೆರೆಗೂ ಬಿರುಕಿಗೂ ಒಂದೇ ಬಣ್ಣ ಕೊಡುತ್ತದೆ, ಇಲ್ಲದ ಅಕ್ಷರ ಹುಟ್ಟಿಸುತ್ತದೆ. ಬೇಕಿರುವುದು ಓರೆಬೆಳಕು. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಬಿಸಿಲು ನೇರವಾಗಿ ಬಿದ್ದರೆ ಎಲ್ಲ ಚಪ್ಪಟೆ. ಹೊತ್ತೇರಿ ಬೆಳಕು ಮೈ ಸವರಿಕೊಂಡು ಇಳಿಯುವಾಗ ಗೆರೆಗಳು ನೆರಳು ಹಿಡಿಯುತ್ತವೆ. ಇಲ್ಲವೇ ಸಂಜೆಗತ್ತಲಲ್ಲಿ ಟಾರ್ಚನ್ನು ಕಲ್ಲಿನ ಅಂಚಿಗೆ ತಂದು, ಎಡದಿಂದ ಒಮ್ಮೆ ಬಲದಿಂದ ಒಮ್ಮೆ ಹಿಡಿದು, ಪಟ್ಟಿಕೆಗೊಂದರಂತೆ ಫೋಟೋ ತೆಗೆಯಿರಿ. ಪಕ್ಕದಲ್ಲಿ ಸ್ಕೇಲು ಇರಲಿ. ಕುಂಕುಮ, ಎಣ್ಣೆ ಕಂಡರೆ ಅದು ಯಾರಿಗೋ ದೇವರು. ಮೊದಲು ಕೇಳಿ, ಚಪ್ಪಲಿ ಬಿಡಿ. ಕಲ್ಲು ಮೊದಲಿನಿಂದ ಅಲ್ಲೇ ಇತ್ತೇ ಎಂಬುದನ್ನೂ ವಿಚಾರಿಸಿ.

ಹತ್ತಿರದಲ್ಲಿ ಮೊಣಕೈ ಮಡಚಿ ಎತ್ತಿದ ತೋಳು, ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು ಕೆತ್ತಿದ ಕಲ್ಲಿದ್ದರೆ ಅದು ಮಾಸ್ತಿಕಲ್ಲು, ಗಂಡನ ಹಿಂದೆ ಸತಿ ಹೋದವಳದ್ದು. ಒಡೆಯದ ಬಳೆ ಅಂದರೆ ಮುತ್ತೈದೆಯಾಗಿಯೇ ಹೋದಳೆಂದು. ಬಹಳಷ್ಟರಲ್ಲಿ ಅವಳ ಹೆಸರಿಲ್ಲ.

ನಾಯಿಗಾದರೆ ಇದೆ! ಮದ್ದೂರು ತಾಲೂಕಿನ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಡೆಯವರು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಯುದ್ಧದ ಸುದ್ದಿ ಇದರಲ್ಲಿದೆ. ಆದರೆ ಕೆತ್ತನೆಯಲ್ಲಿ ಇರುವುದು ಕಾಳಿ ಎಂಬ ನಾಯಿಯೂ ಒಂದು ಹಂದಿಯೂ. ಯುದ್ಧದಲ್ಲಿ ಮೆರೆದ ಮಣಲೇರ, ತನ್ನೊಡೆಯನಾದ ಗಂಗರ ಅರಸ ಬೂತುಗನಿಂದ ಬೇಡಿ ಪಡೆದದ್ದು ಆ ನಾಯಿಯನ್ನೇ. ಹಂದಿಯೂ ಅದೂ ಕಾದಾಡಿ ಸತ್ತವು. ಕಲ್ಲಿನ ಹೆಸರಲ್ಲಿ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗದ ಗದ್ದೆ ಬಿಟ್ಟು, ಪೂಜೆ ಮಾಡದೆ ಗೊರವ, ಅಂದರೆ ಶೈವ ಪೂಜಾರಿ, ಉಣ್ಣಕೂಡದೆಂದು ಬರೆಸಿದ್ದಾರೆ. ಅರಸರ ಗೆಲುವು ಅಕ್ಷರಕ್ಕೆ, ಬೇಟೆನಾಯಿ ಚಿತ್ರಕ್ಕೆ. ಈ ಹಂಚಿಕೆಯೊಂದನ್ನೇ ಹಿಡಿದು ಇಡೀ ಪ್ರಬಂಧ ಬರೆಯಬಹುದು.

ಕಾಲಗಣನೆಗೂ ಇದು ಒಳ್ಳೆಯ ಪಾಠ. ಶಕವರ್ಷಕ್ಕೆ 78 ಕೂಡಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಇಲ್ಲಿ ಶಕ 872 ಎಂದಿದೆ, ಕೂಡಿಸಿದರೆ 950. ಆದರೆ ಕೊಟ್ಟಿರುವ ಸಂವತ್ಸರ ಸೌಮ್ಯ, ಅದು ಬರುವುದು 949-50ರಲ್ಲಿ. ಅಂದರೆ ಮುಗಿದ ವರ್ಷಗಳನ್ನಷ್ಟೇ ಅಲ್ಲ, ಆಗ ನಡೆಯುತ್ತಿದ್ದ ವರ್ಷವನ್ನೂ ಸೇರಿಸಿ ಎಣಿಸಿದ್ದಾರೆ, ಅದಕ್ಕೇ ಒಂದು ವರ್ಷ ಹೆಚ್ಚು. ಟಿಪ್ಪಣಿಯಲ್ಲಿ ಶಕವರ್ಷದ ಪಕ್ಕದಲ್ಲೇ ಸಂವತ್ಸರದ ಹೆಸರನ್ನೂ ಬರೆದುಕೊಳ್ಳಿ.