ನೀಲಿ ಪ್ಲೇಟ್ ಮೂರು ವಾರ ನೀಲಿಯಾಗೇ ಇತ್ತು

"ಎಲೆ ಹಳದಿ ಆಗೈತೆ ಕಣವ್ವ, ಯೂರಿಯಾ ಹಾಕ್ಲಾ?"

ಚಳ್ಳಕೆರೆ ಕಡೆಯ ನಮ್ಮ ಶೇಂಗಾ ಹೊಲದಿಂದ ಅಪ್ಪನ ಫೋನು. ನಾನಾಗ ದಾವಣಗೆರೆಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದೆ. "ಎಳೇ ಎಲೆನಾ, ಹಳೇ ಎಲೆನಾ?" ಎಂದೆ. ಎಳೆಯವಂತೆ, ನರ ಮಾತ್ರ ಹಸಿರು. ಹಾಗಾದರೆ ಯೂರಿಯಾ ಬೇಡ, ಇದು ಕಬ್ಬಿಣದ ಕೊರತೆ.

ನಮ್ಮ ಜಿಲ್ಲೆಯಿಂದ ಅದಿರು ಲಾರಿಗಟ್ಟಲೆ ಹೋಗುತ್ತೆ, ಶೇಂಗಾಕ್ಕೆ ಮಾತ್ರ ಕಬ್ಬಿಣ ಇಲ್ಲ! ಹೊಲದ ಆ ಮೂಲೆಯಲ್ಲಿ ಸುಣ್ಣದ ಹರಳು ಜಾಸ್ತಿ. ಅಂಥ ಮಣ್ಣಲ್ಲಿ ಕಬ್ಬಿಣ ತುಕ್ಕಾಗಿ ಕೂತಿರುತ್ತದೆ. ಸುಣ್ಣ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಏರಿಸುತ್ತದೆ; ಅದು ಒಂದು ಅಂಕಿ ಏರಿದರೆ ನೀರಲ್ಲಿ ಕರಗುವ ಫೆರಿಕ್ ಕಬ್ಬಿಣ (ತುಕ್ಕಿನಲ್ಲಿರುವ ರೂಪ) ಸುಮಾರು 1000 ಪಟ್ಟು ಇಳಿಯುತ್ತದೆ.

ನನ್ನ ಪ್ರಾಜೆಕ್ಟೂ ಇದರದ್ದೇ. ಬೇರಿನ ಸುತ್ತ ಇರುವ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾ ಸಿಡೆರೋಫೋರ್ ಎಂಬ ಅಣುಗಳನ್ನು ಹೊರಗೆ ಬಿಡುತ್ತದೆ. ಒಂದೊಂದೂ ಏಡಿ ಇದ್ದಂತೆ: ಆರು ಆಕ್ಸಿಜನ್‌ಗಳಿಂದ ಒಂದು ಫೆರಿಕ್ ಅಯಾನನ್ನು ಸುತ್ತಲೂ ಅಮುಕಿ ಹಿಡಿದು ಬ್ಯಾಕ್ಟೀರಿಯಾದ ಮನೆಗೆ ತರುತ್ತದೆ.

ಇದನ್ನು ಪತ್ತೆ ಮಾಡಲು ಶ್ವಿನ್ ಮತ್ತು ನೀಲ್ಯಾಂಡ್ಸ್ 1987ರಲ್ಲಿ ಕೊಟ್ಟ ಪರೀಕ್ಷೆ ಇದೆ. ಕ್ರೋಮ್ ಅಜುರಾಲ್ ಎಸ್ ಎಂಬ ಬಣ್ಣ ಕಬ್ಬಿಣ ಹಿಡಿದುಕೊಂಡಿರುವಾಗ ನೀಲಿ. ಸಿಡೆರೋಫೋರ್ ಅದರ ಕೈಯಿಂದ ಕಬ್ಬಿಣ ಕಿತ್ತುಕೊಂಡರೆ ಕಿತ್ತಳೆ.

ಈ ಬಣ್ಣ ಬೆರೆಸಿದ ಆಹಾರ ತುಂಬಿದ ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಬೆಳೆಸಿ ನೋಡಬೇಕು. ನನ್ನ ಪ್ಲೇಟುಗಳೋ ಮೂರು ವಾರ ಬರೀ ನೀಲಿ! ತಪ್ಪು ನನ್ನದೇ. ಆ ಆಹಾರ ತಯಾರಿಸುವ ಫ್ಲಾಸ್ಕನ್ನು ನಲ್ಲಿ ನೀರಲ್ಲಿ ತೊಳೆದು ಸುಮ್ನೆ ಬಳಸುತ್ತಿದ್ದೆ, ಅದರಲ್ಲೇ ಕಬ್ಬಿಣ ಸೇರುತ್ತಿತ್ತು. ಕಬ್ಬಿಣ ಸಾಕಷ್ಟು ಸಿಕ್ಕಿದರೆ ಫರ್ ಎಂಬ ಪ್ರೋಟೀನು ಅದನ್ನು ಹಿಡಿದುಕೊಂಡು ಸಿಡೆರೋಫೋರ್ ಜೀನುಗಳ ಬಾಯಿ ಮುಚ್ಚಿಸುತ್ತದೆ. ಹೊಟ್ಟೆ ತುಂಬಿದವನು ಯಾಕೆ ದುಡೀತಾನೆ, ಅಲ್ವಾ? ಗಾಜಿನ ಸಾಮಾನೆಲ್ಲ ಆಸಿಡ್‌ನಲ್ಲಿ ನೆನೆಸಿ, ಡಿಸ್ಟಿಲ್ಡ್ ವಾಟರಲ್ಲಿ ತೊಳೆದು ಮತ್ತೆ ಇಟ್ಟೆ. ಎರಡನೇ ದಿನ ಬೆಳಗ್ಗೆ ಇನ್‌ಕ್ಯುಬೇಟರ್ ತೆಗೆದರೆ ನೀಲಿ ನಡುವೆ ರೂಪಾಯಿ ನಾಣ್ಯದಷ್ಟು ಕಿತ್ತಳೆ ವೃತ್ತ.

ಅಪ್ಪನಿಗೆ ಫೋಟೋ ಕಳಿಸಿದೆ. "ಆಮ್ಲೆಟ್ ಇದ್ದಂಗೈತೆ" ಅಂದ. ಹೊಲಕ್ಕೆ ಮಾತ್ರ ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಕಬ್ಬಿಣದ ಸಲ್ಫೇಟ್), ಸ್ವಲ್ಪ ನಿಂಬೆರಸ ಹಾಕಿ ಸ್ಪ್ರೇ ಮಾಡಿಸಿದ್ದಾಯಿತು. ಮುಂದೆ ಬಂದ ಎಲೆ ಹಸಿರಾಗೇ ಬಂತು. ನನ್ನ ಬ್ಯಾಕ್ಟೀರಿಯಾನ ಹೊಲಕ್ಕೆ ಬಿಡುವ ಧೈರ್ಯ ಇನ್ನೂ ಬಂದಿಲ್ಲ. ಕಬ್ಬಿಣವನ್ನು ಅದು ತನಗಾಗಿ ಕಿತ್ತುಕೊಳ್ಳುತ್ತೋ, ಶೇಂಗಾಕ್ಕೂ ಒಂದಿಷ್ಟು ಬಿಡುತ್ತೋ, ಮೊದಲು ಕುಂಡದಲ್ಲಿ ನೋಡಬೇಕು.