ಹೆರಿಟಬಿಲಿಟಿ 1.45: ಮೂರು ರಾತ್ರಿ ತಿಂದ ಫಿಂಚ್‌ಗಳು

ಸೋಮವಾರ ರಾತ್ರಿ ಪರದೆ ಮೇಲೆ ಬಂದ ಅಂಕಿ 1.45. ಫೋರ್ಟಿಸ್ ಫಿಂಚ್ ಅನ್ನೋ ಪುಟ್ಟ ಹಕ್ಕಿಯ ಕೊಕ್ಕಿನ ದಪ್ಪಕ್ಕೆ ಇದು ಹೆರಿಟಬಿಲಿಟಿಯಂತೆ! ಹೆರಿಟಬಿಲಿಟಿ ಅಂದರೆ ಹಕ್ಕಿಯಿಂದ ಹಕ್ಕಿಗೆ ಇರುವ ವ್ಯತ್ಯಾಸದಲ್ಲಿ ವಂಶದಿಂದ ಬಂದ ಪಾಲು. ಒಂದರ ಮೇಲೆ ಹೋಗಬಾರದ ಅಂಕಿ, ಪೆಟ್ರೋಲ್ ರೇಟಿನ ಹಾಗೆ ಏರಿ ಕೂತಿತ್ತು.

ಡೇಟಾ ಎಲ್ಲಿಯದು ಅಂತೀರಾ? ಗಲಾಪಗೋಸ್‌ನ ಡಾಫ್ನೆ ಮೇಜರ್ ದ್ವೀಪ, 1973ರಿಂದ ಅಲ್ಲಿ ಫಿಂಚ್‌ಗಳ ಕೊಕ್ಕು ಅಳೆಯುತ್ತಾ ಬಂದ ಜೀವವಿಜ್ಞಾನಿಗಳಾದ ಪೀಟರ್ ಮತ್ತು ರೋಸ್‌ಮೇರಿ ಗ್ರಾಂಟ್ ದಂಪತಿ. ಅವರ ಡೇಟಾ ಮೇಲೆ ನನಗೆ ಗುಮಾನಿ ಬಂತು ನೋಡಿ, ನಾಚಿಕೆ ಆಗುತ್ತದೆ. ಎರಡು ರಾತ್ರಿ ಸಾಲು ಸಾಲಾಗಿ ಫೈಲ್ ತಿರುವಿ ಹಾಕಿದೆ. ಡಬಲ್ ಎಂಟ್ರಿ ಇಲ್ಲ, ಖಾಲಿ ಜಾಗ ಇಲ್ಲ. ಎಲ್ಲಾ ಚೊಕ್ಕ.

ಮೂರನೇ ರಾತ್ರಿ ಕಳ್ಳ ಸಿಕ್ಕ. ಹೆತ್ತವರ ಕೊಕ್ಕು ಒಂದು ಮಿಲಿಮೀಟರ್ ದಪ್ಪ ಇದ್ದರೆ ಮರಿಯದ್ದು ಎಷ್ಟು ದಪ್ಪ ಆಗುತ್ತದೆ ಅನ್ನೋ ಗೆರೆಯ ಓರೆಯೇ ಸ್ಲೋಪ್, ಹೆರಿಟಬಿಲಿಟಿ ಸಿಗುವುದು ಅದರಿಂದಲೇ. ಹೋದ ತಿಂಗಳು ಅಪ್ಪ–ಮರಿ ಮಾತ್ರ ಇಟ್ಟುಕೊಂಡು ಸ್ಲೋಪ್ ತೆಗೆದಿದ್ದೆ. ಒಬ್ಬರೇ ಆದರೆ ಸ್ಲೋಪ್ ಅರ್ಧ ಬರುತ್ತದೆ, ಅದಕ್ಕೆ ಎರಡರಿಂದ ಗುಣಿಸುವ ಒಂದು ಸಾಲು ಹಾಕಿದ್ದೆ. ಈಗ ಅಪ್ಪ–ಅಮ್ಮನ ಸರಾಸರಿ ತೆಗೆದುಕೊಂಡೆ, ಆದರೆ ಆ ಸಾಲು ಒಳಗೇ ಕೂತಿತ್ತು. ಕಿತ್ತು ಹಾಕಿದೆ. ಫೋರ್ಟಿಸ್‌ಗೆ 0.72, ಅದೇ ದ್ವೀಪದ ಇನ್ನೊಂದು ಫಿಂಚ್ ಸ್ಕ್ಯಾಂಡೆನ್ಸ್‌ಗೆ 0.55 ಬಂತು. ಸ್ಕ್ಯಾಂಡೆನ್ಸ್‌ನ ಬೂಟ್‌ಸ್ಟ್ರಾಪ್ (ಅದೇ ಡೇಟಾದಿಂದ ಮತ್ತೆ ಮತ್ತೆ ಆರಿಸಿ ತೆಗೆದ ಅಂದಾಜಿನ ಹರವು) ಮಾತ್ರ 0.35ರಿಂದ 0.75ರವರೆಗೆ ಕಾಲು ಚಾಚಿ ಮಲಗಿದೆ. ಅದರ ತಂಟೆ ಇವತ್ತು ಬೇಡ.

ಇಷ್ಟಕ್ಕೇ ಮಲಗಬಹುದಿತ್ತು. ಆದರೆ ನಿಜವಾದ ತಲೆನೋವು ಆಮೇಲೆ ಶುರುವಾಯಿತು. ಅಪ್ಪ ಅಂತ ಬರೆದಿರುವವನು ಅಪ್ಪನೇನಾ?

ಅಮ್ಮನ ಬಗ್ಗೆ ಅಷ್ಟು ಅನುಮಾನ ಇಲ್ಲ. ಕಾಗೆ ಗೂಡಿನಲ್ಲಿ ಕೋಗಿಲೆ ಮೊಟ್ಟೆ ಇಟ್ಟ ಕತೆ ಇಲ್ಲಿಲ್ಲ. ಆದರೆ ಡಿಎನ್‌ಎ ನೋಡಿದಾಗ ಡಾಫ್ನೆಯ ಫೋರ್ಟಿಸ್ ಮರಿಗಳಲ್ಲಿ ಸುಮಾರು ಐದರಲ್ಲೊಂದು ಪಕ್ಕದ ಮನೆಯವನದ್ದು ಅಂತ ಗೊತ್ತಾಗಿದೆ. ಗೂಡಿಗೆ ತುತ್ತು ತಂದು ಸುಸ್ತಾದವನೇ ಬೇರೆ. ಪಾಪ.

ಸರಿ, ಇದು ಅಂಕಿಯನ್ನು ಎಷ್ಟು ಕೆಡಿಸುತ್ತದೆ ಅಂತ ನೋಡಲು ಕಂಪ್ಯೂಟರ್‌ನಲ್ಲಿ 5000 ಸುಳ್ಳು ಕುಟುಂಬ ಕಟ್ಟಿದೆ. ನಿಜವಾದ ಹೆರಿಟಬಿಲಿಟಿ 0.8 ಅಂತ ನಾನೇ ಇಟ್ಟೆ. ಎಲ್ಲರೂ ಸಭ್ಯರಾದರೆ ಕೋಡ್ 0.80 ವಾಪಸ್ ಕೊಡುತ್ತದೆ. ಐದರಲ್ಲೊಂದು ಮರಿಯ ಅಪ್ಪನನ್ನು ಬದಲಿಸಿದೆ. ಅಮ್ಮನ ಸ್ಲೋಪ್ ದುಪ್ಪಟ್ಟು ಮಾಡಿದರೆ ಈಗಲೂ 0.80, ಅಲುಗಾಡಲಿಲ್ಲ. ಅಪ್ಪನದ್ದು 0.64ಕ್ಕೆ ಜಾರಿತು. ಇಬ್ಬರ ಸರಾಸರಿ ಮೇಲೆ ಎಷ್ಟು ಬಂತು ಗೊತ್ತಾ? 0.72, ಫೋರ್ಟಿಸ್‌ಗೆ ಬಂದ ಅದೇ ಅಂಕಿ.

ಕುರ್ಚಿಯಿಂದ ಎದ್ದು ಕುಣಿದೆ. ಹೆಂಡತಿ ಬಂದು ನೋಡಿ, ಲೈಟ್ ಆರಿಸಿ ಹೋದಳು.

ಬೆಳಗ್ಗೆ ಕಾಫಿ ಕುಡಿಯುವಾಗ ಅಮಲು ಇಳಿಯಿತು. 0.8 ನಾನೇ ಸುಮ್ನೆ ಹಾಕಿದ ಅಂಕಿ ಅಲ್ವಾ. 0.75 ಹಾಕಿದ್ದರೆ 0.675 ಬರುತ್ತಿತ್ತು, ನಾನೂ ಕುಣಿಯುತ್ತಿರಲಿಲ್ಲ. ಮೇಲಾಗಿ ಎದುರು ದಿಕ್ಕಿಗೆ ಎಳೆಯುವ ಸಂಗತಿಗಳೂ ಇವೆ. ಚೆನ್ನಾಗಿ ಮೇವಿರುವ ಕಡೆ ಅಪ್ಪ–ಅಮ್ಮನೂ ದಪ್ಪ, ಮರಿಯೂ ದಪ್ಪ. ಅದು ವಂಶದ್ದಲ್ಲ, ಊಟದ್ದು. ಇದನ್ನು ಬಿಡಿಸಲು ಮೊಟ್ಟೆ, ಮರಿ ಅದಲು ಬದಲು ಮಾಡಬೇಕು. ಕೆನಡಾದ ಮಂಡಾರ್ಟೆ ದ್ವೀಪದ ಸಾಂಗ್ ಸ್ಪ್ಯಾರೋ ಹಕ್ಕಿಗಳಲ್ಲಿ ಹಾಗೆ ಮಾಡಿದರು. ಮರಿಗಳು ಹೆತ್ತವರನ್ನು ಹೋತವು, ಸಾಕಿದವರನ್ನಲ್ಲ. ಮೇಜಿನ ಮುಂದೆ ಕೂತು ಆಡುವ ನನಗೆ ಆ ಭಾಗ್ಯ ಇಲ್ಲ.

ಇನ್ನೊಂದು ಸಣ್ಣ ಪ್ರಯೋಗ: ಅಳತೆಯ ತಪ್ಪು ಎಷ್ಟು ಅಂತ ನೋಡಲು ದಪ್ಪ ಅಳೆಯುವ ಡಿಜಿಟಲ್ ಕ್ಯಾಲಿಪರ್ ತರಿಸಿದೆ. ಸೆಲ್ ಬರುವಾಗಲೇ ಸತ್ತಿತ್ತು. ಮಾರಿದವನನ್ನು ಕೇಳಿದರೆ ‘ಸೆಲ್ ಫ್ರೀ ಸರ್, ಅದಕ್ಕೆ ಗ್ಯಾರಂಟಿ ಇಲ್ಲ’ ಅಂದ. ಬೇರೆ ಸೆಲ್ ಹಾಕಿ ಒಂದೇ ಕಾಬೂಲ್ ಕಡಲೆಕಾಳನ್ನು ಹತ್ತು ಸಲ ಅಳೆದೆ. 8.9ರಿಂದ 9.3 ಮಿಲಿಮೀಟರ್! ಕಾಳು ಕದಲದೆ ಕೂತಿದ್ದಾಗ ಈ ಗತಿ. ಡಾಫ್ನೆಯ 1977ರ ಬರದಲ್ಲಿ ಬದುಕುಳಿದ ಫೋರ್ಟಿಸ್‌ಗಳ ಕೊಕ್ಕಿನ ಸರಾಸರಿ ದಪ್ಪ ಹೆಚ್ಚಿದ್ದೇ ಸುಮಾರು ಅರ್ಧ ಮಿಲಿಮೀಟರ್. ನೆನಪಿಡಿ, ಮರಿಯ ಅಳತೆ ಹೆಚ್ಚುಕಡಿಮೆಯಾದರೆ ಸ್ಲೋಪ್ ತಗ್ಗುವುದಿಲ್ಲ, ಗೆರೆಯ ಸುತ್ತ ಚುಕ್ಕೆಗಳು ಚದುರುತ್ತವೆ ಅಷ್ಟೆ. ಅಪ್ಪ–ಅಮ್ಮನ ಅಳತೆ ಹಾಗಾದರೆ ತಗ್ಗುತ್ತದೆ. ಆ ಸುಳ್ಳು ಕುಟುಂಬಗಳ ಸಿಮ್ಯುಲೇಶನ್‌ಗೆ ಇದನ್ನೂ ಸೇರಿಸಬೇಕು.

ಆದರೆ ಮನಸ್ಸು ಆಗಲೇ ಬೇರೆ ಕಡೆ ಓಡಿದೆ. ಆ ಬರದಲ್ಲಿ ದಪ್ಪ ಕೊಕ್ಕಿನವು ಒಡೆದು ತಿಂದದ್ದು ಟ್ರಿಬುಲಸ್ ಕಾಯಿ. ಅಂದರೆ ನಮ್ಮ ನೆಗ್ಗಿಲು ಮುಳ್ಳಿನ ದಾಯಾದಿ! ಬರಿಗಾಲಲ್ಲಿ ಹೊಲಕ್ಕೆ ಹೋದವರಿಗೆಲ್ಲ ಗೊತ್ತು. ಒಂದು ಕಾಯಿ ಒಡೆಯಲು ಎಷ್ಟು ಬಲ ಬೇಕು ಅಂತ ಅಳೆಯಬೇಕು. ಇಕ್ಕಳ ಇದೆ, ಸ್ಪ್ರಿಂಗ್ ತಕ್ಕಡಿ ಇದೆ, ಮರದ ಹಲಗೆಗೆ ಮೊಳೆಯೂ ಹೊಡೆದಾಯಿತು. ಗ್ರಂದಿಗೆ ಅಂಗಡಿಗೆ ಹೋಗಿ ಕಾಲು ಕೆಜಿ ನೆಗ್ಗಿಲು ಕೇಳಿದೆ. ಮನೆಗೆ ಬಂದು ಪೊಟ್ಟಣ ಬಿಚ್ಚಿದರೆ ಪುಡಿ.