ರೇಷ್ಮೆ ಹುಳುವಿನ ಟ್ರೇಯಲ್ಲಿ ಎರಡು ಬಗೆಯ ಸಾವು

ದಿನ 1
ಊರಿಂದ ಚಿಕ್ಕಪ್ಪ ಕೊಟ್ಟ 50 ಹುಳು ರಟ್ಟಿನ ಡಬ್ಬದಲ್ಲಿ ಬಸ್ಸು ಹತ್ತಿ ಮನೆ ಸೇರಿದವು. ನಾಲ್ಕನೇ ಜ್ವರದಿಂದ ಆಗಷ್ಟೇ ಎದ್ದ ಹುಳು. ಜ್ವರ ಅಂದರೆ ಇಲ್ಲಿ ಕಾಯಿಲೆ ಅಲ್ಲ. ಪೊರೆ ಬಿಡೋ ಮುಂಚೆ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿ ಸುಮ್ನೆ ಕೂರುತ್ತದೆ, ಅದಕ್ಕೆ ರೇಷ್ಮೆಯವರು ಹೇಳೋ ಮಾತು. ಹಳದಿ ಗೂಡು ಕಟ್ಟುವ ಮಿಶ್ರತಳಿ.

ಕೆಲಸ ಮುಗಿದ ಜೀವಕೋಶಗಳು ತಾವಾಗಿಯೇ ಹೇಗೆ ಸಾಯುತ್ತವೆ ಅಂತ ಕಣ್ಣಾರೆ ನೋಡಬೇಕು ಅಂದೆ. ಚಿಕ್ಕಪ್ಪ ಒಂದು ಗಳಿಗೆ ಸುಮ್ಮನಿದ್ದರು. "ಸಾಯೋದು ನೋಡೋಕೆ ಸಾಕ್ತೀಯೇನೋ? ನಾವು ಸಾಯ್ದಿದ್ರೆ ಸಾಕು ಅಂತ ಸಾಕ್ತೀವಿ."

ಗರ್ಭದಲ್ಲಿ ಮಗುವಿನ ಬೆರಳುಗಳ ನಡುವಿನ ಪೊರೆ ಸತ್ತು ಬೆರಳು ಬಿಡಿಬಿಡಿಯಾಗುತ್ತದೆ ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ಅದನ್ನು ಮನೆಯಲ್ಲಿ ನೋಡೋಕೆ ಆಗಲ್ಲ. ರೇಷ್ಮೆ ಗ್ರಂಥಿ ಹಾಗಲ್ಲ, ಬರಿಗಣ್ಣಿಗೇ ಕಾಣುತ್ತದೆ. ಹುಳು ಗೂಡು ಕಟ್ಟಿ ಮುಗಿಸಿ ಪ್ಯೂಪಾ (ಹುಳು ಚಿಟ್ಟೆಯಾಗುವ ನಡುವಿನ ಹಂತ) ಆದ ಮೇಲೆ ಎರಡು ಮೂರು ದಿನದಲ್ಲಿ ಇಡೀ ಗ್ರಂಥಿ ಕರಗಿ ಹೋಗುತ್ತದೆ. ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪು, ಅಕ್ವೇರಿಯಂ ಅಂಗಡಿಯ ಮೆಥಿಲೀನ್ ಬ್ಲೂ, ಉಪ್ಪುನೀರು. ಸಾಕು ಅನ್ನಿಸಿತು.

ದಿನ 4
ಮೊದಲ ಮೂರು ಹುಳು ದಂಡ. ಫ್ರಿಜ್ಜಲ್ಲಿಟ್ಟು ಮಂಕಾಗಿಸಿದ್ದೆ, ಆದರೆ ಕತ್ತರಿ ಆಳಕ್ಕೆ ಹೋಗಿ ಹೊಟ್ಟೆ ಕೊಯ್ದು ಎಲ್ಲಾ ಹಸಿರು ಗಂಜಿ. ನಾಲ್ಕನೆಯದರಲ್ಲಿ ಬೆನ್ನ ಮೇಲಿನ ಚರ್ಮ ಮಾತ್ರ ಸೀಳಿ, ಉಪ್ಪುನೀರಲ್ಲಿ ಬಿಡಿಸಿದೆ. ಎರಡೂ ಪಕ್ಕದಲ್ಲಿ ಗ್ರಂಥಿ ಸಿಕ್ಕಿತು. ನಡುಭಾಗ ದಪ್ಪ, ಹಳದಿ, ಸುತ್ತಿಕೊಂಡಿದೆ. ಹಿಂಭಾಗ ಸಣ್ಣ ದಾರದಂತೆ ಅಂಕುಡೊಂಕು. ನೂಲಿನ ಒಳತಿರುಳಾದ ಫೈಬ್ರೋಯಿನ್ ತಯಾರಾಗುವುದು ಹಿಂಭಾಗದಲ್ಲಿ, ಅದಕ್ಕೆ ಹೊದಿಸುವ ಅಂಟು ಸೆರಿಸಿನ್ ನಡುಭಾಗದಲ್ಲಿ.

ಬಣ್ಣ ಹಾಕಿ ನೋಡಿದರೆ ನ್ಯೂಕ್ಲಿಯಸ್ ದುಂಡಗಿಲ್ಲ! ಮರದ ಬೇರಿನ ಹಾಗೆ ಕವಲು ಕವಲು. ಮೊಟ್ಟೆಯೊಳಗೇ ಈ ಗ್ರಂಥಿಯ ಜೀವಕೋಶಗಳ ಸಂಖ್ಯೆ ನಿಗದಿಯಾಗಿಬಿಡುತ್ತದೆ. ಆಮೇಲೆ ಅವು ಒಡೆದು ಎರಡಾಗಲ್ಲ, ಡಿಎನ್ಎ ಮಾತ್ರ ಮತ್ತೆ ಮತ್ತೆ ನಕಲಾಗಿ ಲಕ್ಷಪಟ್ಟಿಗೂ ಜಾಸ್ತಿಯಾಗುತ್ತದೆ. ಹಾಗಾಗಿ ಒಂದೊಂದು ಜೀವಕೋಶವೂ ಭಾರೀ ದೊಡ್ಡದು. ನನ್ನಂಥವನ ಕೈಗೂ ಸಿಗೋದು ಅದಕ್ಕೇ.

ದಿನ 6
ಕೆಟ್ಟ ದಿನ. ಬೆಳಿಗ್ಗೆ ಎರಡು ಹುಳು ಟ್ರೇ ಅಂಚಲ್ಲಿ ಸುತ್ತುತ್ತಿದ್ದವು. ಮೈ ಉಂಗುರಗಳ ನಡುವೆ ಉಬ್ಬು. ಒಂದರ ಕಾಲು ಚೂರು ತಾಗಿದ್ದೇ ತಡ, ಹಾಲಿನಂಥ ನೀರು ಹೊರಬಂತು. ಫೋಟೋ ಕಳಿಸಿದೆ. ಚಿಕ್ಕಪ್ಪ: "ಹಾಲುತೊಂಡೆ. ತೆಗೆದು ಹೂತ್ಹಾಕು. ಬ್ಲೀಚಿಂಗ್ ಪುಡೀಲಿ ಟ್ರೇ ತೊಳಿ." ಹೂಳುವ ಮುಂಚೆ ಒಂದು ಹನಿ ಗಾಜಿನ ಮೇಲೆ ಹಾಕಿ ನೋಡಿದೆ (ಅವರಿಗೆ ಹೇಳಿಲ್ಲ). 40ರ ಲೆನ್ಸಿನಲ್ಲಿ ಮಿನುಗುವ ಸಣ್ಣ ಸಣ್ಣ ಹರಳು, ಲೆಕ್ಕವಿಲ್ಲದಷ್ಟು. ಈ ರೋಗ ತರುವ ವೈರಸ್ ಕೂತಿರುವ ಪ್ರೋಟೀನ್ ಹರಳುಗಳು. ಜೀವಕೋಶದ ನ್ಯೂಕ್ಲಿಯಸ್ಸಿನಲ್ಲೇ ತುಂಬಿಕೊಂಡು, ಕೊನೆಗೆ ಅದನ್ನು ಒಡೆದು ಹೊರಬಿದ್ದಿವೆ. ಹಾಲು ಅಂತ ಕಂಡಿದ್ದು ಒಡೆದ ಜೀವಕೋಶಗಳ ಸರಕು.

ನನ್ನ ಯೋಜನೆಯಲ್ಲಿ ಇದು ಇರಲೇ ಇಲ್ಲ. ಆದರೆ ಎರಡನೇ ಬಗೆಯ ಸಾವು ತಾನಾಗಿ ಬಂದು ಕೂತಿತು. ಮಜಾ ಏನೆಂದರೆ, ವೈರಸ್ ಹೊಕ್ಕ ಜೀವಕೋಶ ಬೇಗ ತಾನೇ ಸತ್ತುಬಿಟ್ಟರೆ ಒಳಗಿನ ವೈರಸ್ಸಿಗೆ ಬೆಳೆಯೋಕೆ ಜಾಗ ಇಲ್ಲ, ಹುಳುವಿಗೆ ಲಾಭ. ಅದಕ್ಕೆ ಈ ಗುಂಪಿನ ವೈರಸ್‌ಗಳು ಆ ಸಾವನ್ನೇ ತಡೆಯುವ ಸಾಮಾನು ಇಟ್ಟುಕೊಂಡಿವೆ. ಹತ್ತಿರದ ಸಂಬಂಧಿ ವೈರಸ್ಸೊಂದರಲ್ಲಿ 1991ರಲ್ಲಿ ಪಿ35 ಅನ್ನುವ ಅಂಥ ಜೀನ್ ಸಿಕ್ಕಿತು. ಜೀವಕೋಶವನ್ನು ಸಾಯಲು ಬಿಡದೆ ದುಡಿಸಿಕೊಂಡು, ತನ್ನ ಕೆಲಸ ಆದಮೇಲೆ ಒಡೆಯುವುದು. ಸಾಲ ಕೊಟ್ಟವನಂತೆ, ಅಲ್ವಾ?

ಸಂಜೆ ಹೊತ್ತಿಗೆ 11 ಹುಳು ಹೋದವು. ಒದ್ದೆ ಸೊಪ್ಪು ಹಾಕಿದ್ದೆ ಅಂತ ಚಿಕ್ಕಪ್ಪನ ಹತ್ತಿರ ಒಪ್ಪಿಕೊಳ್ಳಲಿಲ್ಲ.

ದಿನ 8
ಉಳಿದವು ಹಣ್ಣಾಗಿವೆ. ಮೈ ಕುಗ್ಗಿ ಪಾರದರ್ಶಕ, ಸೊಪ್ಪು ಮುಟ್ಟಲ್ಲ, ತಲೆ ಆಡಿಸುತ್ತವೆ. ಗೂಡು ಕಟ್ಟಿಸುವ ಬಿದಿರಿನ ತಟ್ಟೆ, ಚಂದ್ರಿಕೆ, ನನ್ನ ಹತ್ತಿರ ಇಲ್ಲ, ಕೋಳಿಮೊಟ್ಟೆ ಟ್ರೇಯಲ್ಲೇ ಬಿಟ್ಟೆ. ರಾತ್ರಿಗೆ ನೂಲು ಶುರು.

ದಿನ 12
ಗೂಡು ಕೊಯ್ದು ಮೂರು ನೋಡಿದೆ. ಎರಡರಲ್ಲಿ ಇನ್ನೂ ಹುಳು ಪೊರೆಯೊಳಗೆ, ಒಂದು ಆಗಲೇ ಪ್ಯೂಪಾ. ಗ್ರಂಥಿ ಸಣ್ಣಗೆ, ಚಿಮುಟಕ್ಕೆ ತಾಗಿದರೆ ಹರಿಯುತ್ತದೆ. ಪೊರೆಯೊಳಗಿನ ಹುಳುಗಳಲ್ಲಿ ಕವಲು ನ್ಯೂಕ್ಲಿಯಸ್ ಇನ್ನೂ ಗುರುತು ಸಿಗುತ್ತದೆ, ಆದರೆ ಜೀವಕೋಶದ ತುಂಬ ಚೀಲಗಳು. ತನ್ನ ಸರಕನ್ನು ತಾನೇ ಚೀಲಕ್ಕೆ ತುಂಬಿ ಜೀರ್ಣಿಸುವ ಹಂತ ಇದು. ಪ್ಯೂಪಾದಲ್ಲಿ ಕವಲು ಹೋಗಿ ಗಾಢ ನೀಲಿ ಮಣಿಗಳ ಸಾಲು. ಕೇಸ್ಪೇಸ್ ಅನ್ನುವ ಕತ್ತರಿ ಪ್ರೋಟೀನುಗಳು ಒಳಗಿಂದಲೇ ತುಂಡು ಮಾಡುವಾಗ ಹೀಗೆ ಕಾಣುತ್ತದೆ. ಇದಕ್ಕೆ ಸೂಚನೆ ಕೊಡುವುದು ಎಕ್ಡೈಸೋನ್, ಜ್ವರಕ್ಕೆ ಕೂರಿಸುವ ಅದೇ ಹಾರ್ಮೋನು.

ಹಾಲುತೊಂಡೆಯ ಹನಿಯ ಚಿತ್ರ ಪಕ್ಕಕ್ಕಿಟ್ಟು ಹೋಲಿಸಿದೆ. ಅಲ್ಲಿ ಎಲ್ಲಾ ಚೆಲ್ಲಾಪಿಲ್ಲಿ. ಇಲ್ಲಿ ಏನೂ ಸೋರಿಲ್ಲ, ತುಂಡುಗಳೂ ಪೊರೆಯೊಳಗೇ ಕಟ್ಟಿವೆ. ಬಿಚ್ಚಿದ್ದೆಲ್ಲ ಚಿಟ್ಟೆಯ ಮೈ ಕಟ್ಟೋಕೆ ಬೇಕು, ಅದಕ್ಕೆ ಮುಂದೆ ಊಟವೇ ಇಲ್ಲವಲ್ಲ.

ಒಂದು ಮಾತು ಹೇಳಿಬಿಡುತ್ತೇನೆ. ನೀಲಿ ಮಣಿ ಕಂಡ ಮಾತ್ರಕ್ಕೆ ಇದು ಅಪೊಪ್ಟೋಸಿಸ್ (ಜೀವಕೋಶ ತನ್ನನ್ನು ತಾನೇ ಅಚ್ಚುಕಟ್ಟಾಗಿ ಬಿಚ್ಚಿಕೊಂಡು ಸಾಯುವುದು) ಅಂತ ಸಾಬೀತಾಗಲ್ಲ. ತುಂಡಾದ ಡಿಎನ್ಎ ತುದಿಗಳಿಗೆ ಗುರುತು ಹಚ್ಚುವ ಪರೀಕ್ಷೆ ಬೇರೆ ಇದೆ, ಅದು ನನ್ನ ಜೇಬಿಗೆ ಎಟುಕಲ್ಲ. ಅಪೊಪ್ಟೋಸಿಸ್ ಅನ್ನೋ ಹೆಸರು ಬಂದದ್ದು 1972ರಲ್ಲಿ, ಗ್ರೀಕಿನಲ್ಲಿ ಎಲೆ ಉದುರುವುದು ಅಂತ. ಕೆರ್, ವೈಲಿ, ಕರಿ ಎಂಬ ಮೂವರು ಇಟ್ಟರು. ಅದಕ್ಕೂ ಮುಂಚೆ, 1964ರ ಸುಮಾರಿಗೆ, ಲಾಕ್‌ಶಿನ್ ಮತ್ತು ವಿಲಿಯಮ್ಸ್ ಕಾಡು ರೇಷ್ಮೆ ಚಿಟ್ಟೆಯ ಹೊಟ್ಟೆಯ ಸ್ನಾಯು ನೋಡಿ ಅದು ಮೊದಲೇ ಬರೆದಿಟ್ಟ ಸಾವು ಅಂದಿದ್ದರು. ಚಿಟ್ಟೆ ಗೂಡಿಂದ ಹೊರಬರಲು ಬೇಕಾದ ಸ್ನಾಯು, ಬಂದ ಮೇಲೆ ಒಂದೆರಡು ದಿನದಲ್ಲಿ ಮಾಯ.

ದಿನ 14
ಒಂದು ಪ್ಯೂಪಾ ಬಿಡಿಸಿದೆ. ಗ್ರಂಥಿ ಇದ್ದ ಜಾಗದಲ್ಲಿ ಹಳದಿ ಎಳೆಯಂಥದ್ದು ಸ್ವಲ್ಪ, ಚಿಮುಟಕ್ಕೂ ಸಿಗಲಿಲ್ಲ. ಚಿಕ್ಕಪ್ಪನಿಗೆ ಫೋನ್ ಮಾಡಿ ಹೇಳಿದೆ. "ನೂಲು ಬಿಟ್ಟ ಮೇಲೆ ಅದನ್ನ ಇಟ್ಕೊಂಡು ಏನು ಮಾಡ್ತದೆ" ಅಂದರು.

ದಿನ 23
ಉಳಿಸಿದ್ದು 12 ಗೂಡು. ಬೆಳಗಿನ ಜಾವ ಎರಡರ ತುದಿ ಒದ್ದೆಯಾಗಿತ್ತು. ಚಿಟ್ಟೆ ಒಳಗಿಂದ ರಸ ಹಾಕಿ ನೂಲಿನ ಅಂಟು ಸಡಿಲಿಸುತ್ತಿದೆ. ಕತ್ತರಿ ಎತ್ತಿಟ್ಟು, ಕುರ್ಚಿ ಎಳೆದುಕೊಂಡು ಕೂತೆ.